ಕೈನೂಲಿನ ಉಣ್ಣೆಯಲ್ಲಿ ತೋಳಿಲ್ಲದ ಸ್ವೆಟರ್ ಹೆಣೆಯುವ ಕ್ರಮ

ಚಿತ್ರದುರ್ಗ, ಬಳ್ಳಾರಿ ಕಡೆಯ ಡೆಕ್ಕನಿ ಕುರಿಗಳ ಉಣ್ಣೆ ಒರಟು. ಕುರುಬರ ಮನೆಗಳಲ್ಲಿ ಅದನ್ನು ನೂತು ಕಂಬಳಿ ನೇಯುವುದು ರೂಢಿಯೇ ಹೊರತು ಕಡ್ಡಿಯಲ್ಲಿ ಹೆಣೆಯುವುದು ಅಪರೂಪ. ಆದರೂ ಅಂಗಿಯ ಮೇಲೆ ತೊಡುವ ತೋಳಿಲ್ಲದ ಸ್ವೆಟರಿಗೆ ಅದು ಚೆನ್ನಾಗಿಯೇ ಒದಗುತ್ತದೆ. ಮೈಗೆ ನೇರವಾಗಿ ತಾಗುವ ಉಡುಪು ಬೇಕಾದವರು ಮೆರಿನೊದಂಥ ನಯವಾದ ಉಣ್ಣೆಯನ್ನು ನೂತುಕೊಳ್ಳಲಿ. ವಿಧಾನ ಎರಡಕ್ಕೂ ಒಂದೇ.

ಕಂಬಳಿಯ ನೂಲು ಒಂಟಿ ಎಳೆಯದು. ಹುರಿ ಹೆಚ್ಚಿರುವ ಒಂಟಿ ಎಳೆಯನ್ನು ಹಾಗೆಯೇ ಹೆಣೆದರೆ ಹೆಣಿಗೆ ಒಂದು ಪಕ್ಕಕ್ಕೆ ವಾಲುತ್ತದೆ. ಆದ್ದರಿಂದ ಎರಡು ಎಳೆಗಳನ್ನು ಜೋಡಿಸಿ, ನೂಲುವಾಗ ತಕಲಿ ತಿರುಗಿದ ದಿಕ್ಕಿಗೆ ವಿರುದ್ಧವಾಗಿ ಹುರಿಗೊಳಿಸಬೇಕು. ಬಳಿಕ ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಉಜ್ಜದೆ, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ತೂಗುಹಾಕಬೇಕು. ನೂಲು ನೆಟ್ಟಗಾಗಲೆಂದು ಲಡಿಗೆ ಭಾರ ಕಟ್ಟುವವರಿದ್ದಾರೆ. ಹಾಗೆ ಹಿಗ್ಗಿದ ನೂಲು ಮೊದಲ ಒಗೆತದಲ್ಲೇ ಕುಗ್ಗಿ ಸ್ವೆಟರಿನ ಅಳತೆಯನ್ನು ಕೆಡಿಸುತ್ತದೆ.

ಗಿರಣಿ ನೂಲಿಗೆ ಬರೆದ ಮಾದರಿಯ ಲೆಕ್ಕವನ್ನು ಕೈನೂಲಿಗೆ ನೇರವಾಗಿ ಅನ್ವಯಿಸಲಾಗದು. ಇಲ್ಲಿ ಲೆಕ್ಕ ಹುಟ್ಟುವುದು ಪರೀಕ್ಷಾ ತುಂಡಿನಿಂದಲೇ. 5 ಮಿಲಿಮೀಟರ್ ಕಡ್ಡಿಯಲ್ಲಿ, ಬೇರೆ ಬೇರೆ ಲಡಿಗಳ ನೂಲನ್ನು ಬಳಸಿ, 15 ಸೆಂಟಿಮೀಟರ್ ಚೌಕದ ತುಂಡೊಂದನ್ನು ಹೆಣೆದು, ಒಗೆದು, ಪೂರ್ತಿ ಒಣಗಿದ ಮೇಲೆಯೇ ನಡುವಿನ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆಗಳಿವೆಯೆಂದು ಎಣಿಸಬೇಕು. ತುಂಡು ಹಲಗೆಯಂತೆ ಬಿರುಸಾಗಿದ್ದರೆ ದಪ್ಪ ಕಡ್ಡಿ ಹಿಡಿದು ಮತ್ತೊಂದು ಹೆಣೆಯಬೇಕು. 16 ಕುಣಿಕೆಗಳು ಬಂದವೆನ್ನೋಣ. ಎದೆಯ ಸುತ್ತಳತೆ 90 ಸೆಂಟಿಮೀಟರ್, ಸಡಿಲಕ್ಕೆ 10 ಸೇರಿಸಿದರೆ 100. ಅಂದರೆ ಒಟ್ಟು 160 ಕುಣಿಕೆಗಳು. ಇಂಥ ಸ್ವೆಟರಿಗೆ ಸುಮಾರು 600 ಮೀಟರ್ ನೂಲು ಬೇಕಾದೀತು. 10 ಮೀಟರ್ ನೂಲು 6 ಗ್ರಾಂ ತೂಗಿದರೆ 360 ಗ್ರಾಂ ಆಯಿತು. ಅದರ ಐದನೆಯ ಒಂದು ಭಾಗವನ್ನು ಹೆಚ್ಚಿಗೆ ನೂತಿಟ್ಟುಕೊಂಡೇ ಹೆಣಿಗೆ ಆರಂಭಿಸುವುದು ಕ್ಷೇಮ.

ಸುತ್ತು ಕಡ್ಡಿಗೆ (ಬಾಗುವ ಎಳೆಯಿಂದ ಜೋಡಿಸಿದ ಜೋಡಿ ಕಡ್ಡಿ) 160 ಕುಣಿಕೆ ಹಾಕಿ, ಒಂದಳತೆ ಸಣ್ಣ ಕಡ್ಡಿಯಲ್ಲಿ ಎರಡು ಸೀದಾ, ಎರಡು ಉಲ್ಟಾ ಕ್ರಮದಿಂದ 6 ಸೆಂಟಿಮೀಟರ್ ಅಂಚು ಹೆಣೆದು, ಮುಂದೆ 5 ಮಿಲಿಮೀಟರ್ ಕಡ್ಡಿಯಲ್ಲಿ ಕಂಕುಳಿನವರೆಗೆ ಬರೀ ಸೀದಾ ಹೆಣೆಯಬೇಕು. ಕಪ್ಪು ಉಣ್ಣೆಯಲ್ಲಿ ಜಡೆ ವಿನ್ಯಾಸಗಳು ಕಾಣುವುದೇ ಇಲ್ಲ, ಆ ಶ್ರಮ ವ್ಯರ್ಥ. ಎರಡು ಉಂಡೆಗಳನ್ನು ಜೊತೆಗಿಟ್ಟುಕೊಂಡು ಎರಡೆರಡು ಸುತ್ತಿಗೆ ಬದಲಿಸುತ್ತ ಹೋದರೆ ನೂಲಿನ ದಪ್ಪ-ತೆಳುವು, ಬಣ್ಣದ ಏರುಪೇರು ಪಟ್ಟೆಯಾಗಿ ಎದ್ದು ಕಾಣದೆ ಇಡೀ ಉಡುಪಿನಲ್ಲಿ ಹರಡಿಕೊಳ್ಳುತ್ತವೆ.

ಕಂಕುಳಿನಲ್ಲಿ ಎರಡೂ ಪಕ್ಕ ಎಂಟೆಂಟು ಕುಣಿಕೆ ಮುಚ್ಚಿದರೆ ಹಿಂದೆ 72, ಮುಂದೆ 72 ಉಳಿಯುತ್ತವೆ. ಇಲ್ಲಿಂದ ಎರಡನ್ನೂ ಬೇರೆಬೇರೆಯಾಗಿ ಹೆಣೆಯುತ್ತ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಎರಡೂ ತುದಿಗೆ ಒಂದೊಂದರಂತೆ ಆರು ಬಾರಿ ಕಡಿಮೆ ಮಾಡಿ 60ಕ್ಕೆ ತರಬೇಕು. ಮುಂಭಾಗವನ್ನು ಕಂಕುಳಿನಿಂದಲೇ ನಡುವೆ ಇಬ್ಭಾಗಿಸಿ, ಕತ್ತಿನ ಕಡೆ ಕ್ರಮವಾಗಿ 14 ಕುಣಿಕೆ ಇಳಿಸಿದರೆ ಪ್ರತಿ ಭುಜಕ್ಕೆ 16 ಉಳಿದು V ಆಕಾರದ ಇಳಿಗತ್ತು ಸಿದ್ಧವಾಗುತ್ತದೆ. ತೋಳಿನ ತೆರವು ಸುಮಾರು 23 ಸೆಂಟಿಮೀಟರ್ ಆದಾಗ, ಹಿಂಭಾಗದ ನಡುವಿನ 28 ಕುಣಿಕೆಗಳನ್ನು ಕತ್ತಿಗೆ ಬಿಟ್ಟು, ಭುಜಗಳನ್ನು ಕೂಡಿಸಿ, ಕತ್ತು ಮತ್ತು ತೋಳಿನ ಸುತ್ತ ಸಣ್ಣ ಕಡ್ಡಿಯಲ್ಲಿ ಅಂಚು ಹೆಣೆಯಬೇಕು.

ಮುಗಿದ ಸ್ವೆಟರನ್ನು ಅಂಟುವಾಳದ ನೀರಿನಲ್ಲಿ ಅದ್ದಿ ತೆಗೆದು, ಚಾಪೆಯ ಮೇಲೆ ಅಳತೆಗೆ ಹರಡಿ ಒಣಗಿಸಬೇಕು. ಹಗ್ಗಕ್ಕೆ ಹಾಕಿದರೆ ಒದ್ದೆಯ ಭಾರಕ್ಕೆ ಉದ್ದವಾಗುತ್ತದೆ. ಉಳಿದ ನೂಲನ್ನು ಪ್ರತಿ ಸಲವೂ ಸ್ವೆಟರಿನ ಜೊತೆಗೇ ಒಗೆದಿಟ್ಟರೆ, ಮುಂದೆ ರಿಪೇರಿಗೆ ಅದೇ ಬಣ್ಣದ ನೂಲು ಸಿಗುತ್ತದೆ.