ಅಣ್ಣನ ‘ಹೂಂ’

ನನ್ನ ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ಅವನಿಗೆ ಬೌದ್ಧಿಕ ಅಂಗವೈಕಲ್ಯ ಇದೆ. ಶಾಲೆಗೆ ಸೇರಿದ ಸ್ವಲ್ಪ ದಿನಕ್ಕೇ ಓದು, ಲೆಕ್ಕ ಎಲ್ಲದರಲ್ಲೂ ನಾನು ಅವನನ್ನು ದಾಟಿಬಿಟ್ಟೆ. ಅವನ ಅಂಗಿಗೆ ಗುಂಡಿ ಹಾಕುವುದು ನನ್ನ ಕೆಲಸವಾಯಿತು. ದೊಡ್ಡವನಾಗಿ ಬರೆಯಲು ಶುರು ಮಾಡಿದಾಗ ಮೊದಲು ಬರೆದದ್ದೂ ಅವನ ಬಗ್ಗೆಯೇ. ಓದಿದವರು ಮೆಚ್ಚಿದರು. ಇನ್ನಷ್ಟು ಬರೆದೆ. ಹದಿನೈದು ವರ್ಷದಲ್ಲಿ ಒಂದು ಸಲವೂ ಅವನನ್ನು ಕೇಳಿರಲಿಲ್ಲ.

ಒಂದು ಸಂಜೆ ಸಭೆಯೊಂದರಲ್ಲಿ ಅವನದೇ ಒಂದು ಪ್ರಸಂಗ ಓದಿದೆ. ಅವನು ಮೊದಲ ಸಾಲಿನಲ್ಲೇ ಕೂತಿದ್ದ. ಜನ ನಕ್ಕರು. ಅವನೂ ನಕ್ಕ. ಆದರೆ ಮಾರನೇ ದಿನದಿಂದ ನಾನು ಹತ್ತಿರ ಹೋದರೆ ಎದ್ದು ಹೋಗತೊಡಗಿದ. ಗುಂಡಿ ಹಾಕಲು ಹೋದರೆ ಅಂಗಿಯ ಎರಡೂ ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ. ಆರು ತಿಂಗಳು ಹೀಗೇ ನಡೆಯಿತು. ಕೊನೆಗೆ ಕೇಳಿಯೇ ಬಿಡೋಣ ಅಂತ ಕೂತೆ.

“ನಿನಗೆ ಬೇಜಾರಾಯ್ತಾ?”

“ಹೂಂ.”

“ಬೇಜಾರೇನೂ ಆಗ್ಲಿಲ್ಲ ಅಲ್ವಾ?”

“ಹೂಂ.”

“ನಿನ್ನ ಬಗ್ಗೆ ಇನ್ನೂ ಬರೀಲಾ?”

“ಹೂಂ.”

ಅವತ್ತು ನನಗೆ ಭಯವಾಯಿತು. ಇಷ್ಟು ವರ್ಷ ಅವನ ಯಾವ ‘ಹೂಂ’ ನಿಜವಾಗಿತ್ತು?

ವಿಶೇಷ ಶಿಕ್ಷಕಿಯೊಬ್ಬರು ಇದನ್ನು ಬಿಡಿಸಿ ಹೇಳಿದರು. ಬೌದ್ಧಿಕ ಅಂಗವೈಕಲ್ಯ ಇರುವ ತುಂಬಾ ಜನ, ಪ್ರಶ್ನೆ ಕಷ್ಟ ಅನ್ನಿಸಿದಾಗ ಅಥವಾ ಕೇಳುವವರು ತಮಗಿಂತ ಮೇಲಿನವರು ಅನ್ನಿಸಿದಾಗ, ಒಪ್ಪಿಬಿಡುತ್ತಾರೆ. 1980ರ ದಶಕದಲ್ಲೇ ಸಂಶೋಧಕರು ಇದನ್ನು ಗುರುತಿಸಿದ್ದಾರೆ. ಹೌದು-ಇಲ್ಲ ಪ್ರಶ್ನೆ ಬಿಡಿ, ಎರಡರಲ್ಲಿ ಒಂದು ಆರಿಸಲು ಕೊಡಿ ಅಂದರು. ಕೆಲವರು ಎರಡರಲ್ಲಿ ಕೊನೆಗೆ ಕಿವಿಗೆ ಬಿದ್ದದ್ದನ್ನೇ ಹೇಳುತ್ತಾರೆ, ಹಾಗಾಗಿ ಕ್ರಮ ಬದಲಿಸಿ ಮತ್ತೆ ಕೇಳಬೇಕು. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಆ ಹತ್ತು ಎಣಿಸುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಆದರೆ ಅದಕ್ಕೂ ಮೊದಲು ಅವರು ನನ್ನಿಂದ ಗುಂಡಿಯ ಕೆಲಸ ಬಿಡಿಸಿದರು. ಇಷ್ಟು ವರ್ಷ ಆತುರಕ್ಕೆ ನಾನೇ ಹಾಕುತ್ತಿದ್ದೆ, ಅಷ್ಟೇ. ಕೊನೆಯ ಹೆಜ್ಜೆಯಿಂದ ಕಲಿಸಿ ಅಂದರು. ಗುಂಡಿಯನ್ನು ಮುಕ್ಕಾಲು ಭಾಗ ತೂತಿನೊಳಗೆ ನಾನು ತೂರಿಸಿ ಬಿಡುವುದು, ಹೊರಗೆ ಎಳೆಯುವುದು ಅವನು. ಹೀಗೆ ಶುರು ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ಮೊದಲ ದಿನ ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಒತ್ತಿ ಎಳೆದ. ಗುಂಡಿ ಹೊರಗೆ ಬಂತು. ಅದನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ. ಆರು ತಿಂಗಳಲ್ಲಿ ಮೊದಲ ಸಲ. ಆಮೇಲೆ ಅರ್ಧ ತೂರಿಸಿ ಬಿಟ್ಟೆ, ಆಮೇಲೆ ಸುಮ್ನೆ ತೂತಿನ ಹತ್ತಿರ ಹಿಡಿದುಕೊಟ್ಟೆ. ಎರಡು ತಿಂಗಳು ಬೇಕಾಯಿತು. ಈಗ ಐದೂ ಗುಂಡಿ ಅವನೇ ಹಾಕಿಕೊಳ್ಳುತ್ತಾನೆ.

ಆಮೇಲೆ ಬರಹಕ್ಕೆ ಕೈ ಹಾಕಿದೆ. ಅವನ ಬಗ್ಗೆ ಬರೆದ ಒಂದೊಂದು ಪ್ರಸಂಗವನ್ನೂ ನಾಲ್ಕೈದು ಚಿಕ್ಕ ವಾಕ್ಯಕ್ಕೆ ಇಳಿಸಿ ಒಂದು ಹಾಳೆಯಲ್ಲಿ ಬರೆದೆ, ಪಕ್ಕದಲ್ಲಿ ಒಂದು ಚಿತ್ರ. ಮುಂದೆ ಎರಡು ಪೆಟ್ಟಿಗೆ: ಒಂದು ‘ಇರಲಿ’, ಇನ್ನೊಂದು ‘ತೆಗಿ’. ದಿನಕ್ಕೆ ಒಂದೇ ಹಾಳೆ. ವಾರ ಬಿಟ್ಟು ಪೆಟ್ಟಿಗೆಗಳ ಜಾಗ ಅದಲುಬದಲು ಮಾಡಿ ಮತ್ತೆ ಕೇಳುತ್ತಿದ್ದೆ. ಎರಡು ಸಲವೂ ಒಂದೇ ಪೆಟ್ಟಿಗೆಗೆ ಹೋದರೆ ಮಾತ್ರ ಅದು ಅವನ ಉತ್ತರ.

ಸಭೆಯಲ್ಲಿ ಓದಿದ ಪ್ರಸಂಗ ಎರಡು ಸಲವೂ ‘ತೆಗಿ’ಗೆ ಹೋಯಿತು. ಅದೇನು ಅಂತ ಇಲ್ಲೂ ಬರೆಯುವುದಿಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 22ನೇ ವಿಧಿ ಖಾಸಗಿ ಬದುಕಿನ ಹಕ್ಕಿನದು. ಅದನ್ನು ನಾನು ಮೊದಲೇ ಓದಿದ್ದೆ, ಅದರ ಬಗ್ಗೆ ಬರೆದೂ ಇದ್ದೆ. ನನ್ನ ಅಣ್ಣನಿಗೂ ಅದು ಸೇರಿದ್ದು ಅಂತ ಹೊಳೆದಿರಲಿಲ್ಲ.

ನಾನು ಅಂದುಕೊಳ್ಳದೇ ಇದ್ದ ಇನ್ನೊಂದು ಹಾಳೆಯನ್ನೂ ತೆಗೆದ. ನಾನು ತುಂಬಾ ಪ್ರೀತಿಯಿಂದ ಬರೆದದ್ದು: ‘ಅಣ್ಣ ಯಾವತ್ತಿಗೂ ಆರು ವರ್ಷದ ಮಗು.’ ಓದಿ ಮುಗಿಸುವ ಮೊದಲೇ ಹಾಳೆ ಕಿತ್ತುಕೊಂಡ. “ನಾನು ಮಗು ಅಲ್ಲ,” ಅಂದ. ಅವನಿಗೆ ನಲವತ್ನಾಲ್ಕು ವರ್ಷ. ಬುದ್ಧಿ ಇಷ್ಟು ವರ್ಷದ ಮಗುವಿನಷ್ಟು ಅಂತ ಹೇಳುವ ‘ಮಾನಸಿಕ ವಯಸ್ಸು’ ಅನ್ನುವ ಲೆಕ್ಕ ಬಂದದ್ದು ಫ್ರಾನ್ಸಿನ ಮನೋವಿಜ್ಞಾನಿಗಳಾದ ಬಿನೆ ಮತ್ತು ಸಿಮೋನ್ 1908ರಲ್ಲಿ ಮಕ್ಕಳ ಪರೀಕ್ಷೆಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದ ಮೇಲೆ. ಈಗ ಬೌದ್ಧಿಕ ಅಂಗವೈಕಲ್ಯ ಗುರುತಿಸುವಾಗ ಐಕ್ಯೂ, ಅಂದರೆ ಬುದ್ಧಿಮಟ್ಟದ ಅಂಕ, ಸುಮಾರು 70ಕ್ಕಿಂತ ಕಡಿಮೆ ಇದೆಯಾ ಅಂತ ಮಾತ್ರ ನೋಡುವುದಿಲ್ಲ, ದಿನದ ಬದುಕನ್ನು ಹೇಗೆ ನಡೆಸುತ್ತಾರೆ ಅಂತಲೂ ನೋಡುತ್ತಾರೆ. ನಲವತ್ನಾಲ್ಕು ವರ್ಷ ಬದುಕಿದವನನ್ನು, ಅಪ್ಪ ತೀರಿಕೊಂಡಾಗ ರಾತ್ರಿಯಿಡೀ ಅಮ್ಮನ ಪಕ್ಕ ಕೂತವನನ್ನು, ಆರು ವರ್ಷದವನು ಅಂದಿದ್ದೆ.

ಚಿಕ್ಕವನಿದ್ದಾಗ ಗೆಳೆಯರ ಮುಂದೆ ಅವನನ್ನು ತಳ್ಳಿ, “ಇವನು ನಮ್ಮನೆಯವನಲ್ಲ” ಅಂದಿದ್ದೆ. ಆ ಹಾಳೆಯನ್ನು ಖಂಡಿತ ತೆಗೆಯುತ್ತಾನೆ ಅಂದುಕೊಂಡಿದ್ದೆ. ಎರಡು ಸಲವೂ ‘ಇರಲಿ’ಯಲ್ಲಿ ಹಾಕಿದ. ಯಾಕೆ ಅಂತ ಕೇಳಿ ಹತ್ತು ಎಣಿಸಿದೆ. ಮತ್ತೆ ಹತ್ತು ಎಣಿಸಿದೆ.

“ಅದು ನೀನು ಮಾಡಿದ್ದು,” ಅಂದ.

ಈ ಬರಹವನ್ನೂ ಹಾಳೆ ಹಾಳೆಯಾಗಿ ಅವನಿಗೆ ಓದಿ ಹೇಳಿದ್ದೇನೆ. ಹಳೆಯವುಗಳಲ್ಲಿ ಎರಡು ಹಾಳೆ ಇನ್ನೂ ಯಾವ ಪೆಟ್ಟಿಗೆಗೂ ಹೋಗಿಲ್ಲ, ಮೇಜಿನ ಮೇಲೇ ಇವೆ. ನಿನ್ನೆ ಕೇಳಿದೆ. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

“ನಾಳೆ,” ಅಂದ.