ಚುಕ್ಕಿ ಹೋದ ಮೇಲೆ ಬರೆದ ದೂರು

ದೂರಿನ ಮೊದಲ ಪ್ರತಿಯಲ್ಲಿ 'ನನ್ನ ನಾಯಿಯನ್ನು ಕೊಂದರು' ಎಂದು ಬರೆದಿದ್ದೆ. ಕೊನೆಯ ಪ್ರತಿಯಲ್ಲಿ ಆ ಸಾಲು ಇಲ್ಲ. ಅದನ್ನು ತೆಗೆಯಲು ನನಗೆ ಎರಡು ತಿಂಗಳು ಬೇಕಾಯಿತು.

ಚುಕ್ಕಿ ಮುಧೋಳ ತಳಿಯ ನಾಯಿ. ಲೋಕಾಪುರದ ಹತ್ತಿರ ಹೊಲ ಮಾಡುವ ನನ್ನ ತಮ್ಮ ಮರಿಯಿದ್ದಾಗ ತಂದುಕೊಟ್ಟಿದ್ದ. ನಾನು ಬಾಗಲಕೋಟೆ ನವನಗರದಲ್ಲಿ ಇರುತ್ತೇನೆ, ಶಾಲೆಯಲ್ಲಿ ಟೀಚರ್. ಸಂಜೆ ನನ್ನ ಸ್ಕೂಟಿ ತಿರುವಿಗೆ ಬರುವ ಮೊದಲೇ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ನಾಲ್ಕು ವರ್ಷ ಒಂದು ದಿನವೂ ತಪ್ಪಿಸಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಒಂದು ಸೋಮವಾರ ಅವಳು ಊಟ ಬಿಟ್ಟಳು. ಮೈ ಸುಡುತ್ತಿತ್ತು. ಹತ್ತಿರದ ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಮೈ ಮುಟ್ಟಿ ನೋಡಿ ಜ್ವರದ ಇಂಜೆಕ್ಷನ್ ಕೊಟ್ಟರು. ಥರ್ಮಾಮೀಟರ್ ಇಡಲಿಲ್ಲ. ಕಿವಿಯ ಒಳಗೆ ರಕ್ತ ಹೀರುವ ಉಣ್ಣೆ ಹುಳಗಳಿದ್ದವು, ನಾನೇ ತೋರಿಸಿದೆ. 'ಎರಡು ದಿನ ನೋಡ್ರಿ' ಅಂದರು. ಬುಧವಾರ ಮತ್ತೆ ಹೋದಾಗ ಡಾಕ್ಟರು ಇರಲಿಲ್ಲ. ಫೋನ್ ಮಾಡಿದೆ. 'ನಾ ಹಳ್ಯಾಗ ಅದೀನ್ರಿ, ಹುಡುಗ ಮಾಡ್ತಾನ, ಮಾಡಿಸ್ಕೊಳ್ರಿ' ಅಂದರು. ಅಲ್ಲಿದ್ದ ಸಹಾಯಕ ಇಂಜೆಕ್ಷನ್ ಮಾಡಿದ. ಯಾವ ಔಷಧ ಎಂದು ಕೇಳಿದೆ. 'ಅದರೀ, ಮೊನ್ನೀದ' ಅಂದ. ಶುಕ್ರವಾರ ಮೂರನೇ ಇಂಜೆಕ್ಷನ್. ಶನಿವಾರ ಬೆಳಿಗ್ಗೆ ಅವಳ ಮೂಗಿನಿಂದ ರಕ್ತ ಬಂತು.

ಸರ್ಕಾರಿ ಪಶು ಆಸ್ಪತ್ರೆಗೆ ಓಡಿದೆ. ಅಲ್ಲಿನ ಡಾಕ್ಟರು ಮೊದಲು ಮಾಡಿದ ಕೆಲಸ ಎಂದರೆ ತುಟಿ ಎತ್ತಿ ಒಸಡು ನೋಡಿದ್ದು. ಬೆಳ್ಳಗಾಗಿತ್ತು. ಹೊಟ್ಟೆಯ ಮೇಲೆ ಕೆಂಪು ಚುಕ್ಕೆಗಳಿದ್ದವು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 19 ಸಾವಿರ. ನಾಯಿಗಳಿಗೆ ಸಾಮಾನ್ಯವಾಗಿ ಅದು ಎರಡು ಲಕ್ಷದ ಆಸುಪಾಸಿನಿಂದ ಮೇಲಕ್ಕೆ ಇರಬೇಕು. ಎರ್ಲಿಕಿಯಾ, ಅಂದರೆ ಉಣ್ಣೆಯಿಂದ ಬರುವ ಜ್ವರ. ಡಾಕ್ಸಿಸೈಕ್ಲಿನ್ ಶುರು ಮಾಡಿದರು. ಈ ಮಾತ್ರೆಯನ್ನು ಮೂರು ನಾಲ್ಕು ವಾರ ಕೊಡಬೇಕಾಗುತ್ತದೆ. ಚುಕ್ಕಿಗೆ ಸಿಕ್ಕಿದ್ದು ಎರಡು ದಿನ. ಸೋಮವಾರ ಬೆಳಗಿನ ಜಾವ ನನ್ನ ಕಾಲ ಹತ್ತಿರವೇ ಹೋದಳು.

ಅದೇ ದಿನ ತಮ್ಮನ ಹೊಲದಲ್ಲಿ ಬೇವಿನ ಮರದ ಕೆಳಗೆ ಮಣ್ಣು ಮಾಡಿದೆವು. ಇಲ್ಲೊಂದು ಮಾತು ಹೇಳಲೇಬೇಕು. ದೂರಿನ ಯೋಚನೆ ಸ್ವಲ್ಪವಾದರೂ ಇದ್ದರೆ ಮಣ್ಣು ಮಾಡುವ ಮೊದಲು ಮರಣೋತ್ತರ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ದೇಹದ ಸುತ್ತ ಐಸ್ ಇಟ್ಟು ತಂಪಾಗಿಡಿ, ಆದರೆ ಮಂಜುಗಡ್ಡೆಯ ಹಾಗೆ ಗಟ್ಟಿಯಾಗಲು ಬಿಡಬೇಡಿ. ಹಾಗೆ ಗಟ್ಟಿಯಾದರೆ ಒಳಗಿನ ಅಂಗಗಳು ಕೆಟ್ಟು ಕಾರಣ ಹುಡುಕುವುದು ಕಷ್ಟವಾಗುತ್ತದೆ. ಆ ಹೊತ್ತಿನಲ್ಲಿ ನನಗೆ ಇದೆಲ್ಲ ಹೊಳೆಯಲಿಲ್ಲ. ಯಾರಿಗೆ ಹೊಳೆಯುತ್ತದೆ? ನನ್ನ ಕೈಯಲ್ಲಿ ಉಳಿದದ್ದು ರಕ್ತದ ವರದಿ ಮಾತ್ರ.

ಹದಿಮೂರನೇ ದಿನ ಕೂತು ಮೊದಲ ಪ್ರತಿ ಬರೆದೆ. ನಾಲ್ಕು ಪುಟ, ತುಂಬಾ ಸಿಟ್ಟು. ತಮ್ಮನಿಗೆ ಓದಿ ಹೇಳಿದೆ. ಅವನು ಬಹಳ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ, 'ಅಕ್ಕಾ, ಹೋದ ವರ್ಷ ನಮ್ಮ ಎಮ್ಮಿ ಹೊಟ್ಟ್ಯಾಗ ಕರು ಅಡ್ಡ ಆದಾಗ ನಡುರಾತ್ರ್ಯಾಗ ಬಂದಾವ್ರು ಇವ್ರ ಅದಾರ. ನಾಳೆ ಮತ್ತ ಏನರ ಆದ್ರ ಯಾರಿಗೆ ಕರೀಲಿ?' ಅಂದ.

ಊರುಗಳಲ್ಲಿ ದೂರು ಕೊಡದೇ ಇರಲು ದೊಡ್ಡ ಕಾರಣ ಇದೇ. ನಮ್ಮ ಕಡೆ ಪಶುವೈದ್ಯರು ಬೇಕಾದಷ್ಟು ಇಲ್ಲ. ಇರುವವರೂ ದಿನವಿಡೀ ಎಮ್ಮೆ, ಆಕಳು, ಕುರಿ ಎಂದು ಓಡಾಡುತ್ತಾರೆ. ಒಬ್ಬರ ಜೊತೆ ಕೆಟ್ಟರೆ ಇನ್ನೊಬ್ಬರು ಇಪ್ಪತ್ತು ಕಿಲೋಮೀಟರ್ ದೂರ. ತಮ್ಮ ಹೇಳಿದ್ದು ಹೆದರಿಕೆಯ ಮಾತಲ್ಲ, ಅವನ ಹೊಟ್ಟೆಪಾಡಿನ ಮಾತು. ನಾನು ಆ ಪ್ರತಿಯನ್ನು ಕಪಾಟಿನಲ್ಲಿಟ್ಟೆ.

ಆದರೆ ನಿದ್ದೆ ಬರಲಿಲ್ಲ. ಒಂದು ನೋಟ್‌ಬುಕ್ ತೆಗೆದು ದಿನದ ಪ್ರಕಾರ ಬರೆದೆ. ನಾನು ಕಣ್ಣಾರೆ ಕಂಡದ್ದನ್ನು ನೀಲಿ ಶಾಯಿಯಲ್ಲಿ, ನಾನು ಊಹಿಸಿದ್ದನ್ನು ಪೆನ್ಸಿಲ್‌ನಲ್ಲಿ. ಫೋನ್‌ನಲ್ಲಿ ಕರೆ ಮಾಡಿದ ಸಮಯ ಇತ್ತು, ದುಡ್ಡು ಕಳಿಸಿದ ದಾಖಲೆ ಇತ್ತು. ಅವನ್ನೂ ಬರೆದುಕೊಂಡೆ. ಬರೆದು ಮುಗಿಸಿ ನೋಡಿದರೆ 'ಕೊಂದರು' ಎಂಬುದು ಪೆನ್ಸಿಲ್‌ನಲ್ಲಿತ್ತು. 'ಡಾಕ್ಟರ್ ಇಲ್ಲದಾಗ ಸಹಾಯಕ ಇಂಜೆಕ್ಷನ್ ಮಾಡಿದ' ಎಂಬುದು ನೀಲಿಯಲ್ಲಿತ್ತು.

ಆಮೇಲೆ ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಕಂಡು ನೇರವಾಗಿ ಕೇಳಿದೆ. ಮೊದಲ ದಿನವೇ ರಕ್ತ ನೋಡಿದ್ದರೆ ಉಳಿಯುತ್ತಿದ್ದಳಾ? ಅವರು, 'ಉಳೀತಿತ್ತು ಅಂತ ಆಣಿ ಮಾಡಿ ಹೇಳಾಕ ಬರೂದಿಲ್ಲ ಅಕ್ಕೋರ. ಆದ್ರ ಉಳಿಯೂ ಸಾಧ್ಯತೆ ಜಾಸ್ತಿ ಇತ್ತು' ಅಂದರು. ಇದನ್ನು ಬರೆದು ಕೊಡುತ್ತೀರಾ ಎಂದೆ. ಒಪ್ಪಲಿಲ್ಲ. ತಾವು ಕಂಡ ಲಕ್ಷಣ, ಮಾಡಿದ ಪರೀಕ್ಷೆ, ಕೊಟ್ಟ ಔಷಧ ಇಷ್ಟನ್ನು ಸಹಿ ಮಾಡಿ ಕೊಟ್ಟರು. ನನಗೆ ಅಷ್ಟೇ ಸಾಕಾಯಿತು. ಒಬ್ಬ ಡಾಕ್ಟರು ಇನ್ನೊಬ್ಬರ ಮೇಲೆ ಬರೆದು ಕೊಡುತ್ತಾರೆ ಎಂದು ಕಾಯುತ್ತಾ ಕೂತರೆ ಕೆಲಸ ಮುಂದೆ ಸಾಗುವುದಿಲ್ಲ.

ಕೊನೆಗೆ ಮೊದಲ ಡಾಕ್ಟರ ಹತ್ತಿರವೇ ಹೋದೆ. ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ಕೈ ನಡುಗುತ್ತಿತ್ತು. ಚುಕ್ಕಿಗೆ ಏನೇನು ಕೊಟ್ಟಿರಿ, ಬರೆದು ಕೊಡಿ ಎಂದು ಅರ್ಜಿ ಕೊಟ್ಟೆ. ಒಂದು ಚೀಟಿ ಕೊಟ್ಟರು. ಅದರಲ್ಲಿ ಮೂರು ತಾರೀಖು, ಮೂರು ಸಲ 'ಜ್ವರ' ಎಂದಿತ್ತು. ಔಷಧದ ಹೆಸರಿಲ್ಲ. ಆ ಹುಡುಗ ಏನು ಓದಿದ್ದಾನೆ ಎಂದು ಕೇಳಿದೆ. 'ಎಂಟು ವರ್ಷದಿಂದ ನಮ್ಮ ಹತ್ರ ಅದಾನ್ರಿ' ಅಂದರು. ನಾಯಿ ಹೋದದ್ದಕ್ಕೆ ಬೇಜಾರಾಗಿದೆ ಎಂದೂ ಹೇಳಿದರು. ಮನಸ್ಸಿನಿಂದಲೇ ಹೇಳಿದರು ಅಂತ ನನಗನಿಸಿತು. ಅವರು ಕ್ರೂರಿಯಲ್ಲ. ಆದರೆ ಆ ಕ್ಲಿನಿಕ್‌ನಲ್ಲಿ ನಾಳೆ ಇನ್ನೊಂದು ನಾಯಿಗೂ ಹೀಗೇ ಆಗುತ್ತದೆ ಎಂದು ಅವತ್ತು ಖಾತ್ರಿಯಾಯಿತು. ದೂರು ಕೊಡಬೇಕು ಎಂದು ನಾನು ನಿರ್ಧಾರ ಮಾಡಿದ್ದು ಆ ಚೀಟಿ ಹಿಡಿದು ಹೊರಗೆ ಬಂದಾಗ.

ಎಲ್ಲಿ ಕೊಡುವುದು ಎಂಬುದು ಮುಂದಿನ ಪ್ರಶ್ನೆ. ಪರಿಚಯದ ವಕೀಲರೊಬ್ಬರು ತಿಳಿಸಿ ಹೇಳಿದರು. ದುಡ್ಡು ಕೊಟ್ಟು ಪಡೆದ ಸೇವೆಯಾದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಘಟನೆಯಾಗಿ ಎರಡು ವರ್ಷದೊಳಗೆ ಕೊಡಬೇಕು. ನಾವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕು ಎಂದೂ ಇಲ್ಲ. ಆದರೆ ಅಲ್ಲಿ ಪರಿಹಾರ ಕೇಳಬೇಕಾದರೆ ಡಾಕ್ಟರ ತಪ್ಪಿನಿಂದಲೇ ನಷ್ಟವಾಯಿತು ಎಂದು ತೋರಿಸಬೇಕು. ಅದು ನನ್ನ ಪೆನ್ಸಿಲ್ ಭಾಗ. ನನಗೆ ದುಡ್ಡೂ ಬೇಕಿರಲಿಲ್ಲ.

ಇನ್ನೊಂದು ದಾರಿ ಬೆಂಗಳೂರಿನ ಕರ್ನಾಟಕ ಪಶುವೈದ್ಯ ಪರಿಷತ್ತು. ಪಶುವೈದ್ಯರ ಹೆಸರು ನೋಂದಾಯಿಸುವುದು ಅದೇ. ತಪ್ಪು ನಡತೆ ಸಾಬೀತಾದರೆ ಹೆಸರು ತೆಗೆಯುವ ಅಧಿಕಾರವೂ ಅದಕ್ಕಿದೆ. ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ, 1984ರ ಪ್ರಕಾರ ನೋಂದಾಯಿತ ವೈದ್ಯರು ಬಿಟ್ಟು ಬೇರೆಯವರು ಚಿಕಿತ್ಸೆ ಮಾಡುವಂತಿಲ್ಲ. ಸಣ್ಣಪುಟ್ಟ ಕೆಲಸಕ್ಕೆ ವಿನಾಯಿತಿ ಇದೆ. ಆದರೆ ಅದು ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇದ್ದು ಸರ್ಕಾರದ ಅನುಮತಿ ಪಡೆದವರಿಗೆ, ಅದೂ ವೈದ್ಯರ ಉಸ್ತುವಾರಿಯಲ್ಲಿ. ನನ್ನ ನೀಲಿ ಶಾಯಿಯ ಸಾಲಿಗೆ ಸರಿಯಾದ ಜಾಗ ಇದೇ ಎನಿಸಿತು. (ಸರ್ಕಾರಿ ಆಸ್ಪತ್ರೆಯ ಡಾಕ್ಟರ ಮೇಲೆ ದೂರಿದ್ದರೆ ಜಿಲ್ಲೆಯ ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೂ ಬರೆಯಬಹುದು.)

ಕೊನೆಯ ಪ್ರತಿ ಒಂದೂವರೆ ಪುಟ. ತಾರೀಖು, ಸಮಯ, ಯಾರು ಏನು ಮಾಡಿದರು, ಏನು ಬರೆದು ಕೊಡಲಿಲ್ಲ. ರಕ್ತದ ವರದಿ, ಚೀಟಿ, ಫೋನ್ ದಾಖಲೆ ಎಲ್ಲದರ ಜೆರಾಕ್ಸ್ ಇಟ್ಟೆ. ಮೂಲ ಪ್ರತಿ ನನ್ನ ಹತ್ತಿರವೇ ಇವೆ. ಕೊಡುವ ಮೊದಲು ಮತ್ತೆ ತಮ್ಮನಿಗೆ ಓದಿ ಹೇಳಿದೆ. ಎಮ್ಮೆಯ ಹೆರಿಗೆಗೆ ಅವರು ನಡುರಾತ್ರಿ ಬಂದದ್ದನ್ನೂ ಬರೆ ಅಂದ. ಬರೆದೆ. ಅದೂ ನಿಜವೇ ಅಲ್ವಾ.

ಸ್ಪೀಡ್ ಪೋಸ್ಟ್ ಮಾಡಿದೆ. ತಲುಪಿದೆ ಎಂಬ ಉತ್ತರ ಬಂದಿದೆ, ವಿಚಾರಣೆ ಇನ್ನೂ ಮುಗಿದಿಲ್ಲ.

ಹೋದ ತಿಂಗಳು ತಮ್ಮನ ಎಮ್ಮೆಗೆ ಮತ್ತೆ ಈಯಲು ಕಷ್ಟವಾಯಿತು. ಅವನು ಅದೇ ಡಾಕ್ಟರಿಗೆ ಫೋನ್ ಮಾಡಿದ. ಬಂದರು. ರಜೆಯಿತ್ತು, ನಾನೂ ಹೊಲದಲ್ಲೇ ಇದ್ದೆ. ನನ್ನನ್ನು ನೋಡಿದರು, ಏನೂ ಮಾತಾಡಲಿಲ್ಲ. ಬಿಸಿನೀರು ತಂದುಕೊಟ್ಟೆ. ಕರು ಉಳಿಯಿತು. ಹೊರಡುವ ಮುಂಚೆ ಡಾಕ್ಟರು ಬೇವಿನ ಮರದ ಕಟ್ಟೆಯ ಮೇಲೆ ಕೂತು ಔಷಧದ ಹೆಸರು, ಎಷ್ಟು ಎಂಎಲ್, ತಾರೀಖು ಎಲ್ಲ ಬಿಡಿಸಿ ಬರೆದು, ಕೆಳಗೆ ಸಹಿ ಹಾಕಿ, ಚೀಟಿಯನ್ನು ನನ್ನ ಕೈಗೇ ಕೊಟ್ಟರು.