ಅಂಗಳದಲ್ಲೇ ಬೈಕಿಗೊಂದು ಗಟ್ಟಿ ಕೊಂಡಿ

ಬೈಕ್ ಕಳುವಾಗದಿರಲು ಹ್ಯಾಂಡಲ್ ಲಾಕ್ ಒಂದನ್ನೇ ನಂಬಬೇಡಿ, ಜೋರಾಗಿ ತಿರುಚಿದರೆ ಮುರಿಯುತ್ತದೆ. ಕಡಿಮೆ ಖರ್ಚಿನ ದಾರಿಯೆಂದರೆ ಗಾಡಿಯನ್ನು ನೆಲಕ್ಕೆ ಕಟ್ಟಿಹಾಕುವುದು. (ಬಾಡಿಗೆ ಮನೆಯಾದರೆ ಅಗೆಯುವ ಮೊದಲು ಮಾಲೀಕರನ್ನು ಕೇಳಿ.)

ವೆಲ್ಡಿಂಗ್ ಅಂಗಡಿಯಲ್ಲಿ 16 ಮಿ.ಮೀ. ಸರಳನ್ನು ಲಾಳದಂತೆ ಬಗ್ಗಿಸಿ, ಎರಡೂ ತುದಿಗಳನ್ನು ಹೊರಕ್ಕೆ ಮಡಚಿಸಿ. ತುದಿ ನೆಟ್ಟಗಿದ್ದರೆ ಎಳೆದಾಗ ಕಿತ್ತು ಬರುತ್ತದೆ. ಅಡಿ ಉದ್ದಗಲದ, ಅಷ್ಟೇ ಆಳದ ಗುಂಡಿ ಸಾಕು. ರಾಯಚೂರು, ಸಿಂಧನೂರು ಕಡೆಯ ಎರೆಮಣ್ಣಾದರೆ ಮಾತ್ರ ಒಂದೂವರೆ ಅಡಿ ತೋಡಿ: ಆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಕಾಂಕ್ರೀಟನ್ನು ಅಲುಗಾಡಿಸುತ್ತದೆ. ಕೊಂಡಿಯ ಬಾಗಿದ ಭಾಗ ನೆಲದ ಮೇಲೆ ಉಳಿಯುವಂತೆ ಗುಂಡಿಯಲ್ಲಿ ನಿಲ್ಲಿಸಿ ಕಾಂಕ್ರೀಟು ತುಂಬಿ: ಸಿಮೆಂಟ್ 1, ಮರಳು 2, ಜಲ್ಲಿ 4 ಪಾಲು. ಇಲ್ಲಿಯ ಬಿಸಿಲಿಗೆ ಬೇಗ ಒಣಗಿದರೆ ಕಾಂಕ್ರೀಟು ಬಲ ಹಿಡಿಯದು. ಒದ್ದೆ ಗೋಣಿಚೀಲ ಹೊದಿಸಿ 7 ದಿನ ನೀರುಣಿಸಿ.

ಉಳಿದ ದುಡ್ಡೆಲ್ಲ ಸರಪಳಿಗೆ. ತೂಕದ ಲೆಕ್ಕದಲ್ಲಿ ಸಿಗುವ ಸಾದಾ ಸರಪಳಿಯನ್ನು ಬೋಲ್ಟ್ ಕಟರ್ ಸಲೀಸಾಗಿ ಕತ್ತರಿಸುತ್ತದೆ. ಹದಗೊಳಿಸಿದ ಉಕ್ಕಿನ 10 ಮಿ.ಮೀ. ಸರಪಳಿಯನ್ನೇ ಕೊಳ್ಳಿ. ಮುಂದಿನ ಚಕ್ರ ಬಿಚ್ಚುವುದು ಸುಲಭ, ಆದ್ದರಿಂದ ಹಿಂದಿನ ಚಕ್ರ ಮತ್ತು ಸ್ವಿಂಗ್ ಆರ್ಮ್ (ಆ ಚಕ್ರವನ್ನು ಹಿಡಿದಿರುವ ತೋಳು) ಎರಡರಲ್ಲೂ ಹಾಯಿಸಿ ಕೊಂಡಿಗೆ ಬಿಗಿಯಾಗಿ ಕಟ್ಟಿ. ಸಡಿಲ ಬಿಟ್ಟ ಸರಪಳಿಗೆ ನೆಲವೇ ಅಡಿಗಲ್ಲಾಗಿ ಸುತ್ತಿಗೆ ಏಟು ಸರಿಯಾಗಿ ಬೀಳುತ್ತದೆ.

ಬೀಗದ ಕಿಂಡಿ ಕೆಳಮುಖವಾಗಿರಲಿ. ಎಣ್ಣೆ ಬಿಟ್ಟರೆ ಧೂಳು ಅಂಟಿ ಕೀಲಿ ಸಿಕ್ಕಿಕೊಳ್ಳುತ್ತದೆ, ಪೆನ್ಸಿಲ್ ಕಡ್ಡಿಯ ಪುಡಿ ಹಾಕಿ.